ಮುತ್ತು ಸಹಜವೋ, ಸಾಕಿದ್ದೋ?

ಅವೆನ್ಯೂ ರಸ್ತೆಯ ಅಂಗಡಿಗಳಲ್ಲಿ ಮುತ್ತು ಕೊಳ್ಳಲು ಹೋದವರು ಮೊದಲು ಮಾಡುವುದು ಹಲ್ಲಿನ ಪರೀಕ್ಷೆ. ಮುಂಹಲ್ಲಿಗೆ ಉಜ್ಜಿದಾಗ ತರಿತರಿಯಾಗಿ ತಾಗಿದರೆ ಅಸಲಿ ಎಂದು ತೀರ್ಪು. ಈ ಪರೀಕ್ಷೆ ಗಾಜಿನ, ಪ್ಲಾಸ್ಟಿಕ್ಕಿನ ನಕಲಿಯನ್ನು ಹಿಡಿಯುತ್ತದೆ, ಅಷ್ಟೇ. ತಾನಾಗಿಯೇ ಆದ ಸಹಜ ಮುತ್ತಿನ ಹೊರಮೈಯೂ ಮನುಷ್ಯರು ಚಿಪ್ಪುಜೀವಿಯೊಳಗೆ ಬೆಳೆಸಿದ, ಅಂದರೆ ಸಾಕಿದ ಮುತ್ತಿನ ಹೊರಮೈಯೂ ಒಂದೇ ವಸ್ತುವಿನಿಂದ ಆದದ್ದು, ಎರಡೂ ತರಿಯೇ. ನಮ್ಮ ಪ್ರಶ್ನೆಗೆ ಉತ್ತರ ಒಳಗಿದೆ.

ಸಹಜ ಮುತ್ತು ನಡುವಿನಿಂದಲೇ ಈರುಳ್ಳಿಯಂತೆ ಪದರ ಪದರವಾಗಿ ಬೆಳೆದಿರುತ್ತದೆ. ಸಮುದ್ರದಲ್ಲಿ ಸಾಕಿದ ದುಂಡು ಮುತ್ತಿನೊಳಗೆ ಸಾಮಾನ್ಯವಾಗಿ ಸಿಹಿನೀರಿನ ಚಿಪ್ಪಿನಿಂದ ಕಡೆದ ಗುಂಡು ಇರುತ್ತದೆ. ಜಪಾನಿನ ಅಕೋಯಾ ಮುತ್ತಿನಲ್ಲಿ ಅದರ ಮೇಲಿನ ಪದರ ಹೆಚ್ಚಾಗಿ 1 ಮಿಲಿಮೀಟರಿಗಿಂತ ತೆಳು.

ಹಾಗಾಗಿ ಮೊದಲು ನೋಡಬೇಕಾದದ್ದು ದಾರ ಪೋಣಿಸುವ ತೂತು. ಸರವನ್ನು ಮತ್ತೆ ಪೋಣಿಸಲು ಬಿಚ್ಚಿದಾಗಲೇ ಇದಕ್ಕೆ ಸರಿಯಾದ ಸಮಯ. ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು, ಪಕ್ಕದಿಂದ ಬೆಳಕು ಬಿಟ್ಟು, ಮುತ್ತನ್ನು ಸ್ವಲ್ಪ ವಾಲಿಸಿ. ಅಂಚಿನಿಂದ ತುಸು ಒಳಗೆ ಕಂದು ಗೆರೆಯೊಂದು ಸುತ್ತುವರಿದಿದ್ದು, ಅದರಾಚೆ ಬಿಳಿಯ ಗುಂಡು ಬೇರೆಯಾಗಿ ಕಂಡರೆ ಅದು ಸಾಕಿದ್ದು. ಕತ್ತಲೆಯಲ್ಲಿ ಮೊಬೈಲ್ ಟಾರ್ಚಿನ ಮೇಲಿಟ್ಟು ತಿರುಗಿಸಿದರೆ ಗುಂಡಿನ ಸಮಾನಾಂತರ ಪಟ್ಟೆಗಳು ಕೆಲವೊಮ್ಮೆ ಕಾಣುತ್ತವೆ. ಪದರ ದಪ್ಪವಾಗಿದ್ದರೆ ಕಾಣುವುದಿಲ್ಲ. ಕಾಣದಿದ್ದರೆ ಸಹಜ ಎಂದು ಬರೆದುಕೊಳ್ಳಬೇಡಿ.

ಎಲ್ಲರೂ ಎಡವುವುದು ಇಲ್ಲಿ. ಚೀನಾದ ಸಿಹಿನೀರಿನ ಮುತ್ತುಗಳಲ್ಲಿ ಹೆಚ್ಚಿನವಕ್ಕೆ ಗುಂಡೇ ಇಲ್ಲ. ಇನ್ನೊಂದು ಚಿಪ್ಪುಜೀವಿಯ ಅಂಗಾಂಶದ ಚೂರನ್ನಷ್ಟೇ ಒಳಗಿಟ್ಟು ಬೆಳೆಸುತ್ತಾರೆ. ಗುಂಡಿನ ಗೆರೆಯೂ ಇಲ್ಲ, ಪಟ್ಟೆಯೂ ಇಲ್ಲ, ಆದರೂ ಸಾಕಿದ್ದೇ. ನಡುವೆ ಉಳಿದ ಅಡ್ಡಾದಿಡ್ಡಿ ಪೊಳ್ಳು ಎಕ್ಸ್-ರೇಯಲ್ಲಿ ಸಿಕ್ಕಿಬೀಳಬಹುದು. ಸಾಂದ್ರತೆಯನ್ನು ನಂಬಿ ಕೂರುವುದು ವ್ಯರ್ಥ, ಸಹಜದ್ದಾಗಲಿ ಸಾಕಿದ್ದಾಗಲಿ, ನೀರಿನ ಸುಮಾರು 2.7 ಪಟ್ಟಿನ ಆಸುಪಾಸು. ಎಕ್ಸ್-ರೇ ಬಿದ್ದಾಗ ಸಮುದ್ರದ ಸಾಕುಮುತ್ತಿನೊಳಗಿನ ಸಿಹಿನೀರಿನ ಚಿಪ್ಪಿನ ಗುಂಡು ಅದರಲ್ಲಿರುವ ಮ್ಯಾಂಗನೀಸಿನಿಂದಾಗಿ ಹೊಳೆಯುತ್ತದೆ ಎಂಬುದನ್ನು ಮಾತ್ರ ನೆನಪಿಡಿ, ಪ್ರಯೋಗಾಲಯದವರಿಗೆ ಅದು ಒಳ್ಳೆಯ ಸುಳಿವು.

‘ಅಜ್ಜಿಯ ಕಾಲದ್ದು, ಬಸ್ರಾ ಮುತ್ತು’ (ಪರ್ಷಿಯನ್ ಕೊಲ್ಲಿಯ ಸಹಜ ಮುತ್ತು) ಎಂಬ ಮಾತು ಪುರಾವೆಯಲ್ಲ. ಜಪಾನಿನ ಮಿಕಿಮೊಟೊ ಕೊಕಿಚಿ ಅರೆಗೋಳದ ಮುತ್ತು ಸಾಕಿದ್ದು 1893ರಲ್ಲಿ. 1920ರ ದಶಕಕ್ಕೇ ದುಂಡು ಸಾಕುಮುತ್ತು ಜಗತ್ತಿನ ಮಾರುಕಟ್ಟೆಯಲ್ಲಿತ್ತು. ಹಳೆಯ ಸರ ಹರಿದು ಕಳೆದುಹೋದ ಮುತ್ತಿನ ಜಾಗಕ್ಕೆ ಸಾಕಿದ್ದನ್ನು ಸೇರಿಸಿರುವುದೂ ಉಂಟು, ಆದ್ದರಿಂದ ಒಂದು ಮುತ್ತನ್ನು ಪರೀಕ್ಷಿಸಿ ಇಡೀ ಸರಕ್ಕೆ ಪ್ರಮಾಣಪತ್ರ ಕೇಳುವಂತಿಲ್ಲ.