ಜಾಮೀನು ಸಿಕ್ಕರೂ ಜೈಲಿನಲ್ಲೇ: ಬಡತನ ಎಲ್ಲಿ ನ್ಯಾಯವನ್ನು ಕೆಡಿಸುತ್ತದೆ?

ಪರೀಕ್ಷೆಯಲ್ಲಿ 'ಬಡತನ ಮತ್ತು ಕ್ರಿಮಿನಲ್ ನ್ಯಾಯ' ಎಂಬ ಪ್ರಶ್ನೆ ಬಂದರೆ ನಮ್ಮಲ್ಲಿ ಹೆಚ್ಚಿನವರು ದುಬಾರಿ ವಕೀಲರಿಂದ ಶುರು ಮಾಡಿ ತೀರ್ಪಿಗೆ ಹೋಗುತ್ತೇವೆ. ಆದರೆ ದೊಡ್ಡ ಹಾನಿ ತೀರ್ಪಿಗಿಂತ ಎಷ್ಟೋ ಮೊದಲು, ಜಾಮೀನಿನ ಹಂತದಲ್ಲೇ ಆಗಿರುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) 2022ರ ವರದಿಯಂತೆ ದೇಶದ ಜೈಲುಗಳಲ್ಲಿದ್ದ 5,73,220 ಕೈದಿಗಳಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರು ಇನ್ನೂ ತೀರ್ಪು ಕಾಣದವರು. ಆದ್ದರಿಂದ ಜಾಮೀನನ್ನೇ ಮೊದಲು ಬಿಡಿಸಿ ನೋಡೋಣ.

ಆದೇಶಕ್ಕೂ ಬಿಡುಗಡೆಗೂ ನಡುವೆ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಕ್ರಿಮಿನಲ್ ಪ್ರಕರಣ ನಡೆಸುವ ವಿಧಾನದ ಕಾನೂನು) ಕಲಂ 2ರಲ್ಲೇ ಒಂದು ವ್ಯತ್ಯಾಸ ಹೇಳುತ್ತದೆ. 'ಬಾಂಡ್' ಎಂದರೆ ಆರೋಪಿ ತಾನೇ ಬರೆದುಕೊಡುವ ಸ್ವಂತ ಮುಚ್ಚಳಿಕೆ, ಅದಕ್ಕೆ ಶ್ಯೂರಿಟಿ (ಆರೋಪಿ ಕೋರ್ಟಿಗೆ ಬರುತ್ತಾನೆಂದು ಬೇರೊಬ್ಬರು ಕೊಡುವ ಖಾತರಿ) ಬೇಡ. 'ಬೇಲ್ ಬಾಂಡ್' ಎಂದರೆ ಶ್ಯೂರಿಟಿ ಸಹಿತ ಮುಚ್ಚಳಿಕೆ. ಬಡವರ ಪಾಲಿಗೆ ಇಡೀ ವಿಷಯ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಶ್ಯೂರಿಟಿ ನಿಲ್ಲುವವರ ಹೆಸರಿನಲ್ಲಿ ಪಹಣಿಯೋ ಮನೆಯ ತೆರಿಗೆ ರಸೀದಿಯೋ ಇರಬೇಕು, ಅವರು ಕೂಲಿ ಬಿಟ್ಟು ಕೋರ್ಟಿಗೆ ಬರಬೇಕು. ಬೇರೆ ಜಿಲ್ಲೆಯಿಂದ ದುಡಿಯಲು ಬಂದವರಿಗೆ ಬಂಧನವಾದ ಊರಿನಲ್ಲಿ ಅಂಥ ಪರಿಚಯಸ್ಥರೇ ಇರುವುದಿಲ್ಲ. ಹೀಗಾಗಿ ಜಾಮೀನಿನ ಆದೇಶ ಕಡತದಲ್ಲಿ ಉಳಿಯುತ್ತದೆ, ಆರೋಪಿ ಜೈಲಿನಲ್ಲಿ ಉಳಿಯುತ್ತಾನೆ.

1978ರ ಮೋತಿರಾಮ್ ಪ್ರಕರಣದಲ್ಲಿ ಆದದ್ದೂ ಇದೇ. ಆರೋಪಿ ಒಬ್ಬ ಗಾರೆ ಕೆಲಸಗಾರ. ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವನ ಅಣ್ಣತಮ್ಮನ ಶ್ಯೂರಿಟಿಯನ್ನೂ ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಹೇಳಿತು. ಬಾಂಡ್ ಮೊತ್ತ ವಿಪರೀತವಾಗಿರಬಾರದು ಎಂಬ ನಿಯಮ ಈಗಲೂ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 484ರಲ್ಲಿದೆ.

ಜಾಮೀನೀಯ ಅಪರಾಧವಾದರೆ (ಅಂದರೆ ಜಾಮೀನು ಹಕ್ಕಾಗಿಯೇ ಸಿಗುವಂಥದ್ದಾದರೆ) ಅದೇ ಸಂಹಿತೆಯ ಕಲಂ 478 ಇನ್ನೂ ಸ್ಪಷ್ಟ: ಬಂಧನವಾದ ಒಂದು ವಾರದೊಳಗೆ ಶ್ಯೂರಿಟಿ ಕೊಡಲಾಗದವನನ್ನು ನಿರ್ಗತಿಕನೆಂದೇ ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ಉಳಿದ ಪ್ರಕರಣಗಳಿಗೆ 2023ರ ಜನವರಿ 31ರ ಸುಪ್ರೀಂ ಕೋರ್ಟ್ ನಿರ್ದೇಶನಗಳನ್ನು ನೆನಪಿಡಿ. ಜಾಮೀನಾಗಿ 7 ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬೇಲ್ ಬಾಂಡ್ ಸಲ್ಲಿಕೆಯಾಗದಿದ್ದರೆ ಷರತ್ತು ಸಡಿಲಿಸುವ ಬಗ್ಗೆ ಕೋರ್ಟೇ ಸ್ವಯಂಪ್ರೇರಿತವಾಗಿ ಯೋಚಿಸಬಹುದು. ಸ್ಥಳೀಯ ಶ್ಯೂರಿಟಿಯೇ ಬೇಕೆಂಬ ಹಟ ಬಿಡುಗಡೆ ತಡವಾಗಲು ಒಂದು ಕಾರಣ ಎಂದೂ ಅಲ್ಲಿ ಹೇಳಿದೆ.

ಕೇಂದ್ರ ಗೃಹ ಸಚಿವಾಲಯದ 2023ರ ಯೋಜನೆಯಡಿ ಬಡ ವಿಚಾರಣಾಧೀನ ಕೈದಿಗೆ ಹಣದ ನೆರವಿದೆ. ಒಳ್ಳೆಯ ಹೆಜ್ಜೆಯೇ. ಆದರೆ ಸ್ಥಳೀಯ ಶ್ಯೂರಿಟಿಯೇ ಬೇಕೆಂಬ ಷರತ್ತಿದ್ದಲ್ಲಿ ಹಣ ಒಂದರಿಂದ ಬಾಗಿಲು ತೆರೆಯುವುದಿಲ್ಲ.

ಒಂದು ಕಳವು ಪ್ರಕರಣವನ್ನು ಲೆಕ್ಕ ಹಾಕಿ

5,000 ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತುವಿನ ಸಾಮಾನ್ಯ ಕಳವು, ಮೊದಲ ಸಲದ ಆರೋಪಿ ಎಂದುಕೊಳ್ಳಿ. ಗರಿಷ್ಠ ಶಿಕ್ಷೆ 3 ವರ್ಷ. ಮ್ಯಾಜಿಸ್ಟ್ರೇಟರು ಬಂಧನಕ್ಕೆ ಒಪ್ಪಿಸಿದ ದಿನವೂ ಸೇರಿ 60 ದಿನದೊಳಗೆ ದೋಷಾರೋಪ ಪಟ್ಟಿ ಬಾರದಿದ್ದರೆ ಕಲಂ 187ರಡಿ ಜಾಮೀನು ಹಕ್ಕಾಗುತ್ತದೆ. ಇಲ್ಲೇ ಬಹಳ ಮಂದಿ ಎಡವುತ್ತಾರೆ: ಈ ಹಕ್ಕು ತಾನಾಗಿ ಕೈಗೆ ಬರುವುದಿಲ್ಲ. ಪಟ್ಟಿ ಸಲ್ಲಿಕೆಯಾಗುವ ಮೊದಲೇ ಅರ್ಜಿ ಹಾಕಬೇಕು. ದಿನ ಎಣಿಸುವ ವಕೀಲರಿದ್ದವರು 61ನೇ ದಿನ ಬೆಳಿಗ್ಗೆಯೇ ಹಾಕುತ್ತಾರೆ. ಇಲ್ಲದವರ ಅರ್ಜಿಗಿಂತ ಮುಂಚೆ ಪಟ್ಟಿ ಬಂದುಬಿಟ್ಟರೆ ಹಕ್ಕು ಹೋದಂತೆ.

ಮುಂದಿನದು ಕಲಂ 479. ಗರಿಷ್ಠ ಶಿಕ್ಷೆಯ ಅರ್ಧ, ಅಂದರೆ 18 ತಿಂಗಳು ಕಳೆದರೆ ಜಾಮೀನು. ಹಿಂದೆಂದೂ ಶಿಕ್ಷೆಯಾಗದವನಿಗೆ ಮೂರನೇ ಒಂದು ಭಾಗ, 12 ತಿಂಗಳು ಸಾಕು. ಇವನನ್ನು 'ಬಾಂಡ್' ಮೇಲೆ ಬಿಡಬೇಕು ಎಂದಿದೆ, ಅಂದರೆ ಕಲಂ 2ರ ಪ್ರಕಾರ ಶ್ಯೂರಿಟಿ ಇಲ್ಲದೆ. ಉತ್ತರದಲ್ಲಿ ಇದನ್ನು ಬರೆಯಲು ಮರೆಯಬೇಡಿ. ಅವಧಿ ತುಂಬಿದಾಗ ಕೋರ್ಟಿಗೆ ಲಿಖಿತ ಅರ್ಜಿ ಸಲ್ಲಿಸುವುದು ಜೈಲು ಅಧೀಕ್ಷಕರ ಕರ್ತವ್ಯ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಸಾಧ್ಯವಿರುವ ಅಪರಾಧಕ್ಕೆ ಇದು ಅನ್ವಯಿಸದು. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದರೂ ಸಿಗದು.

ಈಗ ಜೈಲಿನಲ್ಲಿರುವವನ ಕಡೆಯಿಂದ ನೋಡಿ. ಹತ್ತು ತಿಂಗಳಾಗಿದೆ, ವಾಯಿದೆ ಮೇಲೆ ವಾಯಿದೆ, ತನ್ನ ಪರ ಸಾಕ್ಷಿ ಹುಡುಕಲು ಹೊರಗೆ ಯಾರೂ ಇಲ್ಲ. ತಪ್ಪೊಪ್ಪಿಕೊಂಡರೆ ಜೈಲಿನಲ್ಲಿ ಕಳೆದ ಅವಧಿ ಶಿಕ್ಷೆಯಲ್ಲಿ ವಜಾ ಆಗುತ್ತದೆ (ಕಲಂ 468), ಬಹುಶಃ ಅದೇ ವಾರ ಮನೆ ಸೇರಬಹುದು. ನಿರಪರಾಧಿಯೂ ಒಪ್ಪಿಕೊಳ್ಳುವುದು ಇಂಥ ಹೊತ್ತಿನಲ್ಲೇ. ಅಲ್ಲಿಗೆ ಅವನ ಹೆಸರಿಗೆ ಶಿಕ್ಷೆಯ ದಾಖಲೆ ಅಂಟಿತು. ಮುಂದೆ ಯಾವುದಾದರೂ ಅನುಮಾನದ ಮೇಲೆ ಬಂಧಿಸಿದರೆ ಅವನು 'ಮೊದಲ ಸಲದವನು' ಅಲ್ಲ, ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗಕ್ಕೆ ಸಿಗುತ್ತಿದ್ದ ಬಿಡುಗಡೆಗೆ ಅರ್ಧದವರೆಗೆ ಕಾಯಬೇಕು. ಶ್ಯೂರಿಟಿ ಕೊಟ್ಟು ಮೊದಲ ವಾರವೇ ಹೊರಬಂದ ಸಹ ಆರೋಪಿಗೆ ಈ ಒತ್ತಡ ಇಲ್ಲ, ಅವನು ವಿಚಾರಣೆ ಎದುರಿಸಿ ಖುಲಾಸೆಯೂ ಆಗಬಹುದು. ಆರೋಪ ಒಂದೇ, ಸಾಕ್ಷ್ಯವೂ ಒಂದೇ.

ವಕೀಲರ ವಿಷಯದಲ್ಲಿ ಕಾನೂನು ಉದಾರವಾಗಿಯೇ ಇದೆ. ಸಂವಿಧಾನದ 39ಎ ವಿಧಿ ಮತ್ತು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಉಚಿತ ನೆರವು ಕೊಡುತ್ತವೆ. ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಇದಕ್ಕೆ ಅರ್ಹರು. ಕೊರತೆ ಇರುವುದು ನೆರವು ಯಾವಾಗ ತಲುಪುತ್ತದೆ ಎಂಬುದರಲ್ಲಿ: ದೋಷಾರೋಪ ಪಟ್ಟಿ ಸಲ್ಲಿಕೆಯಾದ ಮೇಲೆ ಬಂದ ವಕೀಲರಿಂದ 60 ದಿನ ಮುಗಿದಾಗ ಹುಟ್ಟಿದ್ದ ಆ ಜಾಮೀನಿನ ಹಕ್ಕು ಮರಳದು.

ದಂಡದಲ್ಲೂ ಇದೇ ಏರುಪೇರು

ದಂಡ ಕಟ್ಟದಿದ್ದರೆ ಹೆಚ್ಚುವರಿ ಜೈಲುವಾಸ ವಿಧಿಸಬಹುದು. ಅಪರಾಧ ಮತ್ತು ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆಯ ಕಲಂ 8ರಂತೆ ಅದು ಅಪರಾಧದ ಗರಿಷ್ಠ ಅವಧಿಯ ಕಾಲು ಭಾಗ ಮೀರಬಾರದು. ಮೇಲಿನ ಕಳವಿಗೆ ಅದು 9 ತಿಂಗಳು. ಉಳ್ಳವನಿಗೆ ಒಂದು ರಸೀದಿಯಲ್ಲಿ ಮುಗಿಯುವುದು ಇಲ್ಲದವನಿಗೆ ತಿಂಗಳುಗಟ್ಟಲೆ ಸೆರೆ. ಭಾಗಶಃ ಕಟ್ಟಿದರೆ ಅಷ್ಟರ ಮಟ್ಟಿಗೆ ಅವಧಿ ಕಡಿಮೆಯಾಗುತ್ತದೆ ಎಂಬುದು ಹಲವು ಕುಟುಂಬಗಳಿಗೆ ಗೊತ್ತೇ ಇರುವುದಿಲ್ಲ.

ಫಿನ್ಲೆಂಡ್ 1921ರಿಂದ ಬೇರೆ ದಾರಿ ಹಿಡಿದಿದೆ. ಅಪರಾಧದ ತೀವ್ರತೆ ನೋಡಿ ಎಷ್ಟು 'ದಿನ' ಎಂದು ನಿಗದಿ, ಒಂದು ದಿನಕ್ಕೆ ಎಷ್ಟು ಹಣ ಎಂಬುದು ಆರೋಪಿಯ ಆದಾಯದಂತೆ. ಇಂಗ್ಲೆಂಡ್ 1992ರಲ್ಲಿ ಇಂಥದ್ದೇ ಪದ್ಧತಿ ತಂದು 1993ರಲ್ಲೇ ಕೈಬಿಟ್ಟಿತು. ಆದಾಯದ ವಿವರ ಕೊಡದವರಿಗೆ ಗರಿಷ್ಠ ದರ ಹಾಕಿದ್ದರಿಂದ ಸಣ್ಣ ತಪ್ಪಿಗೆ ವಿಪರೀತ ದಂಡ ಬಿದ್ದಿತ್ತು. ದಿನಗೂಲಿಗೆ ದಾಖಲೆಯೇ ಇಲ್ಲದ ಕಡೆ ಈ ಪದ್ಧತಿ ತರಬೇಕಾದರೆ ಆದಾಯವನ್ನು ಯಾರು, ಯಾವ ಕಾಗದದ ಮೇಲೆ ನಿರ್ಧರಿಸಬೇಕು ಎಂಬುದನ್ನು ಮೊದಲು ಇತ್ಯರ್ಥ ಮಾಡಬೇಕು.