ವಿಯೆಟ್ನಾಂನಲ್ಲಿ ಬಡತನ ಇಳಿದದ್ದು ಹೇಗೆ? ಕೊಡಗಿನಲ್ಲಿ ಕೂತು ಓದುವವರಿಗೆ ಟಿಪ್ಪಣಿ

ವಿಯೆಟ್ನಾಂ ಅಂದ ಕೂಡಲೇ ನಮ್ಮ ಕಡೆ ಮಾತು ರೋಬಸ್ಟಾ ಕಾಫಿಯ ಇಳುವರಿಗೆ ಹೋಗುತ್ತದೆ. ಅಲ್ಲಿ ಹೆಕ್ಟೇರಿಗೆ ನಮ್ಮ ದುಪ್ಪಟ್ಟಿಗಿಂತ ಜಾಸ್ತಿ ಬರುತ್ತದೆ, ನಿಜ. ಆದರೆ ಬಡತನದ ವಿಷಯ ಓದುವಾಗ ಇಳುವರಿಯನ್ನು ಸ್ವಲ್ಪ ಪಕ್ಕಕ್ಕಿಡಿ. ಮೊದಲು ಜಮೀನು ಯಾರ ಕೈಗೆ ಹೋಯಿತು ಅಂತ ನೋಡಬೇಕು.

1986ರಲ್ಲಿ ಅಲ್ಲಿನ ಸರ್ಕಾರ ‘ದೋಯ್ ಮೊಯ್’ ಎಂಬ ಆರ್ಥಿಕ ಸುಧಾರಣೆ ಶುರು ಮಾಡಿತು. ಅದುವರೆಗೆ ಬೇಸಾಯ ಸಹಕಾರ ಸಂಘಗಳ ಹಿಡಿತದಲ್ಲಿತ್ತು. 1988ರಲ್ಲಿ ಜಮೀನನ್ನು ಕುಟುಂಬಗಳಿಗೆ ಸಾಗುವಳಿಗೆ ಬಿಟ್ಟರು. ಮರುವರ್ಷವೇ ದೇಶ ಅಕ್ಕಿ ರಫ್ತು ಮಾಡತೊಡಗಿತು. 1993ರ ಭೂ ಕಾಯ್ದೆ ಇನ್ನೂ ಮುಂದೆ ಹೋಯಿತು. ಒಡೆತನ ಸರ್ಕಾರದ್ದೇ, ಆದರೆ ಬಳಸುವ ಹಕ್ಕನ್ನು ಮಕ್ಕಳಿಗೆ ಬಿಡಬಹುದು, ಮಾರಬಹುದು, ಅಡವಿಟ್ಟು ಸಾಲ ತೆಗೆಯಬಹುದು. ಆ ಕಾಯ್ದೆಯಲ್ಲಿ ಹಕ್ಕಿನ ಅವಧಿ ಭತ್ತದಂಥ ಬೆಳೆಗೆ 20 ವರ್ಷ, ಕಾಫಿಯಂಥ ಬೆಳೆಗೆ 50 ವರ್ಷ ಇತ್ತು. ಈ 50ರ ಕೆಳಗೆ ಗೆರೆ ಎಳೆದುಕೊಳ್ಳಿ. ಕಾಫಿ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ನಾಳೆ ಎಬ್ಬಿಸುತ್ತಾರೆ ಎಂಬ ಭಯ ಇದ್ದವರು ಗಿಡ ನೆಡುತ್ತಾರಾ?

ವಿಯೆಟ್ನಾಂನ ಡಾಕ್ ಲಾಕ್ ಪ್ರಾಂತ್ಯದ ಸುತ್ತಲಿನ ಬೆಟ್ಟಸೀಮೆಯಲ್ಲಿ ಸಣ್ಣ ರೈತರೇ ನೆಟ್ಟರು. 1990ರಲ್ಲಿ ಒಂದು ಲಕ್ಷ ಟನ್ ಆಸುಪಾಸು ಇದ್ದ ದೇಶದ ಕಾಫಿ 2000ಕ್ಕೆ ಎಂಟು ಲಕ್ಷ ಟನ್ ಮುಟ್ಟಿತು. ಇಡೀ ದೇಶದಲ್ಲಿ 1993ರಲ್ಲಿ ನೂರಕ್ಕೆ 58 ಜನ ಬಡವರಿದ್ದರು, 2008ಕ್ಕೆ ಸುಮಾರು 14. ಇದು ಕಾಫಿಯೊಂದರಿಂದ ಆದದ್ದಲ್ಲ. ಶಾಲೆ, ಬಟ್ಟೆ ಮತ್ತು ಪಾದರಕ್ಷೆ ಕಾರ್ಖಾನೆಗಳ ಪಾಲೂ ದೊಡ್ಡದು. ಇನ್ನು, ಒಂದೇ ಬೆಳೆ ನಂಬಿದ್ದರ ಪೆಟ್ಟು 2001ರ ಬೆಲೆ ಕುಸಿತದಲ್ಲಿ ಬಿತ್ತು. ನಮ್ಮ ತೋಟದಲ್ಲಿ ನೆರಳಿನ ಮರಕ್ಕೆ ಹಬ್ಬಿಸುವ ಕರಿಮೆಣಸಿನ ಮಹತ್ವ ಇಲ್ಲಿ ಅರ್ಥವಾಗುತ್ತದೆ.

ನನಗೆ ಮುಖ್ಯ ಅನ್ನಿಸುವ ಭಾಗ ಮುಂದಿದೆ. ಆ ಬೆಟ್ಟಸೀಮೆಯ ಮೂಲ ಜನ ಎಡೇ, ಜರಾಯಿ ಮೊದಲಾದವರು. ಬಯಲಿನಿಂದ ಲಕ್ಷಾಂತರ ಜನ ಬಂದು ಕಾಫಿಗೆ ಜಮೀನು ಹಿಡಿದರು. ಎಷ್ಟೋ ಮೂಲ ನಿವಾಸಿಗಳು ಸಾಲಕ್ಕೆ, ಕಷ್ಟಕ್ಕೆ ನೆಲ ಬಿಟ್ಟುಕೊಟ್ಟರು. ಮಾರುವ ಹಕ್ಕು ಒಬ್ಬರನ್ನು ಮೇಲೆತ್ತಿತು, ಇನ್ನೊಬ್ಬರ ಕಾಲಡಿಯ ನೆಲ ಕಿತ್ತಿತು. ಕೋಪ ಒಳಗೇ ಕುದ್ದು 2001 ಮತ್ತು 2004ರಲ್ಲಿ ಬೀದಿಗೆ ಬಂತು. ಬಡತನ ಇಡೀ ದೇಶದಲ್ಲಿ ಇಳಿದರೂ ಗಿರಿಜನರಲ್ಲಿ ಉಳಿದುಕೊಂಡಿತು.

ಇದನ್ನು ಓದುವಾಗ ನಮ್ಮ ಕೊಡಗಿನ ಗಿರಿಜನರಾದ ಯರವರು, ಜೇನು ಕುರುಬರು ಕಣ್ಣ ಮುಂದೆ ಬರುತ್ತಾರೆ, ಅಲ್ವಾ? ಇಲ್ಲಿನ ಕಾಫಿಯಲ್ಲಿ ಅವರ ದುಡಿಮೆ ಎಷ್ಟಿದೆ! ಆದರೂ ಎಷ್ಟೋ ಕುಟುಂಬಗಳು ಇಂದಿಗೂ ತೋಟದ ಲೈನ್ ಮನೆಯಲ್ಲಿ, ಅಂದರೆ ಮಾಲೀಕರು ಕೆಲಸಗಾರರಿಗೆ ಕೊಡುವ ಸಾಲು ಮನೆಯಲ್ಲಿವೆ. ಕೆಲಸ ಬಿಟ್ಟರೆ ಮನೆಯೂ ಹೋಗುತ್ತದೆ. 2016ರಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಗಿರಿಜನರ ಗುಡಿಸಲು ಕಿತ್ತಾಗ ಎದ್ದ ಹೋರಾಟ ನೆಲಕ್ಕಾಗಿಯೇ.

2006ರ ಅರಣ್ಯ ಹಕ್ಕು ಕಾಯ್ದೆಯನ್ನು ವಿಯೆಟ್ನಾಂ ಕಾಯ್ದೆಯ ಪಕ್ಕದಲ್ಲಿಟ್ಟು ಓದಿ. ನಮ್ಮ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿಗೂ ಬರುತ್ತದೆ, ಮಕ್ಕಳಿಗೂ ಹೋಗುತ್ತದೆ. ಮಾರುವ ಹಾಗಿಲ್ಲ. ಎಡೇ ಜನಕ್ಕೆ ಆದದ್ದು ಇಲ್ಲಿ ಆಗಬಾರದೆಂದರೆ ಈ ತಡೆ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಆ ಕಾಯ್ದೆ ಅರಣ್ಯ ಭೂಮಿಗೆ ಮಾತ್ರ, ಖಾಸಗಿ ತೋಟದ ಲೈನ್ ಮನೆಗೆ ಅಲ್ಲ. ಅಲ್ಲಿರುವವರಿಗೆ ಪೈಸಾರಿ (ಯಾರಿಗೂ ಹಂಚದ ಸರ್ಕಾರಿ) ಜಾಗವನ್ನು ಅಳೆದು ಹಂಚುವ ಕೆಲಸ ಕಂದಾಯ ಇಲಾಖೆಯಿಂದಲೇ ಆಗಬೇಕು.