ಫೋನ್ ಕದ್ದರು ಅಂದರೆ ‘ಕಳೆದುಹೋಯ್ತು ಅಂತ ಬರ್ಕೊಡಿ’ ಅಂತಾರಲ್ಲ, ಯಾಕೆ?

ಓದುಗರ ಪ್ರಶ್ನೆ: ಬೆಂಗಳೂರಿನಲ್ಲಿ ಸಿಟಿ ಬಸ್ ಹತ್ತುವಾಗ ಜೇಬಿನಲ್ಲಿದ್ದ ಫೋನ್ ಹೋಯಿತು. ಹಿಂದಿನಿಂದ ನೂಕಿದವನೇ ಎತ್ತಿದ್ದು ಅಂತ ನನಗೆ ಗ್ಯಾರಂಟಿ. ಸ್ಟೇಷನ್‌ಗೆ ಹೋದರೆ ‘ಕಳೆದುಹೋಗಿದೆ ಅಂತ ಬರ್ಕೊಡಿ, ಎನ್‌ಸಿಆರ್ ಕೊಡ್ತೀವಿ’ ಅಂದರು. ಎಫ್‌ಐಆರ್ ಹಾಕಿ ಅಂತ ಹಟ ಹಿಡಿಯಬಹುದಾ? ಹಿಡಿದರೆ ಏನಾದರೂ ಉಪಯೋಗ ಇದ್ಯಾ?

ಉತ್ತರ: ಹಿಡಿಯಬಹುದು. ಆದರೆ ಅದಕ್ಕೂ ಮೊದಲು ನಿಮ್ಮ ದೂರಿನ ಮೊದಲ ಸಾಲು ಒಮ್ಮೆ ಓದಿಕೊಳ್ಳಿ. ಅಲ್ಲಿ ಯಾವ ಕ್ರಿಯಾಪದ ಬರೆದಿದ್ದೀರಿ ಅನ್ನುವುದರ ಮೇಲೆ ಅರ್ಧ ಕೆಲಸ ನಿಂತಿದೆ.

ಫೋನ್ ಕಳೆದುಹೋಯಿತು. ಫೋನ್ ಕದ್ದರು. ಫೋನ್ ಕಿತ್ತುಕೊಂಡು ಓಡಿದರು. ಮನೆಗೆ ಬಂದು ಹೇಳಿದರೆ ಮೂರಕ್ಕೂ ಒಂದೇ ಬೈಗುಳ. ಸ್ಟೇಷನ್ ರೈಟರ್ ಮೇಜಿನ ಮೇಲೆ ಮಾತ್ರ ಮೂರೂ ಬೇರೆ ಬೇರೆ ದಾರಿ ಹಿಡಿಯುತ್ತವೆ.

ಕಳೆದುಹೋಗುವುದು ಅಪರಾಧವೇ ಅಲ್ಲ. ಅದಕ್ಕೆ ಸ್ಟೇಷನ್ ಮೆಟ್ಟಿಲು ಹತ್ತಬೇಕಾಗಿಯೂ ಇಲ್ಲ. ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೌಲಭ್ಯದಲ್ಲಿ ಮನೆಯಿಂದಲೇ ವರದಿ ತೆಗೆದುಕೊಳ್ಳಬಹುದು. ಡೂಪ್ಲಿಕೇಟ್ ಸಿಮ್ ತೆಗೆಸಲು ಅಂಥ ಚೀಟಿ ಸಾಕು. ಆದರೆ ಅದನ್ನು ಹಿಡಿದು ಯಾರೂ ಕಳ್ಳನನ್ನು ಹುಡುಕಲು ಹೊರಡುವುದಿಲ್ಲ. ಯಾಕೆ ಹೊರಡಬೇಕು? ಕಳ್ಳ ಅಂತ ಒಬ್ಬ ಇದ್ದಾನೆ ಎಂದು ನೀವೇ ಬರೆದುಕೊಟ್ಟಿಲ್ಲವಲ್ಲ.

ಕದ್ದರೆ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ, 3 ವರ್ಷದವರೆಗೆ ಜೈಲು. ಕಿತ್ತುಕೊಂಡು ಓಡಿದರೆ 304. ಸರಗಳ್ಳತನ, ಮೊಬೈಲ್ ಕಸಿಯುವುದು ಎಲ್ಲ ಈ 304ರಲ್ಲಿ ಬರುತ್ತದೆ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಾಗ ಇದಕ್ಕೇ ಅಂತ ಒಂದು ಕಲಂ ಸಿಕ್ಕಿತು.

ಇನ್ನು ಎನ್‌ಸಿಆರ್, ಅಂದರೆ ನಾನ್-ಕಾಗ್ನಿಜಬಲ್ ರಿಪೋರ್ಟ್. ಕಾನೂನಿನ ಕನ್ನಡದಲ್ಲಿ ಅಪರಾಧಗಳಲ್ಲಿ ಸಂಜ್ಞೇಯ, ಅಸಂಜ್ಞೇಯ ಅಂತ ಎರಡು ಬಗೆ. ಸಂಜ್ಞೇಯ ಅಂದರೆ ಪೊಲೀಸರು ಯಾರ ಅಪ್ಪಣೆಗೂ ಕಾಯದೆ ತನಿಖೆಗೆ ಇಳಿಯಬಹುದಾದದ್ದು. ಕೊಲೆ, ದರೋಡೆ, ಸಾಮಾನ್ಯವಾಗಿ ಕಳ್ಳತನ. ಪಕ್ಕದ ಮನೆಯವನು ಕೆಟ್ಟದಾಗಿ ಬೈದ, ಕೆನ್ನೆಗೆ ಒಂದು ಬಿಟ್ಟ ಅನ್ನುವಂಥದ್ದು ಅಸಂಜ್ಞೇಯ. ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಎನ್‌ಸಿಆರ್ ಕೊಡುತ್ತಾರೆ. ಮ್ಯಾಜಿಸ್ಟ್ರೇಟ್ ಆದೇಶ ಇಲ್ಲದೆ ತನಿಖೆ ಮಾಡುವ ಹಾಗಿಲ್ಲ.

ಇಲ್ಲೊಂದು ಕೊಕ್ಕೆ ಇದೆ. ನನಗದು ಗೊತ್ತಾಗಿದ್ದು ಎದುರು ಮನೆ ಆಂಟಿಯ ಜೊತೆ ಸ್ಟೇಷನ್‌ಗೆ ಹೋದಾಗ. ಅವರ ಮಗನ ಸೈಕಲ್ ಗೇಟಿನ ಹೊರಗಿಂದ ಮಾಯವಾಗಿತ್ತು. ಸ್ಟೇಷನ್ ಮುಂದೆ ಹಿಡಿದಿಟ್ಟ ಬೈಕುಗಳ ಸಾಲು, ಸೀಟಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಒಳಗೆ ಬೆಂಚಿನ ಮೇಲೆ ಒಬ್ಬ ಬಾಡಿಗೆದಾರ, ಒಬ್ಬ ಓನರ್, ಅಡ್ವಾನ್ಸ್ ದುಡ್ಡಿನ ಜಗಳ. ಇಬ್ಬರಿಗೂ ಕೇಸು ಬೇಕಿರಲಿಲ್ಲ. ‘ಸಾಹೇಬ್ರು ಕರೆಸಿ ಒಂದ್ಮಾತು ಹೇಳಿದ್ರೆ ಸಾಕು’ ಅನ್ನುತ್ತಿದ್ದರು. ಬೆಂಗಳೂರಿನಲ್ಲಿ ಪೊಲೀಸರ ಪ್ರಭಾವ ಅಂದರೆ ಬಹಳ ಮಟ್ಟಿಗೆ ಈ ‘ಒಂದ್ಮಾತು’. ಅದು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ನಮ್ಮ ಸರದಿ ಬಂತು.

‘ಎಷ್ಟಕ್ಕೆ ತಗೊಂಡಿದ್ದಮ್ಮ?’

‘ಸೆಕೆಂಡ್ ಹ್ಯಾಂಡ್ ಸರ್, 3,500.’

ರೈಟರ್ ಪೆನ್ನು ಕೆಳಗಿಟ್ಟರು. ‘ಹಂಗಾದ್ರೆ ಎನ್‌ಸಿಆರ್ ಆಗುತ್ತೆ.’

‘ಕಳ್ಳತನಕ್ಕೂ ರೇಟ್ ಇದ್ಯಾ ಸರ್?’

‘ಹೊಸ ಕಾನೂನಮ್ಮ. ನಾವೇನ್ ಮಾಡೋಣ?’

ಸುಮ್ನೆ ಸಾಗಹಾಕುತ್ತಿದ್ದಾರೆ ಅಂದುಕೊಂಡೆ. ಮನೆಗೆ ಬಂದು ಕಾನೂನಿನ ಅನುಸೂಚಿ ತೆಗೆದು ನೋಡಿದರೆ ರೈಟರ್ ಹೇಳಿದ್ದೇ ಸರಿ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಆ ಕಳ್ಳತನ ಈಗ ಅಸಂಜ್ಞೇಯ. ಮೊದಲ ಬಾರಿ ಸಿಕ್ಕಿಬಿದ್ದವನು ವಸ್ತು ವಾಪಸ್ ಕೊಟ್ಟರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಕೂಲಿ ಮಾಡುವವನ ಸೈಕಲ್ಲಿಗೆ ಇರುವ ಬೆಲೆ ಇದು. ನನಗಂತೂ ಸರಿ ಕಾಣಲಿಲ್ಲ, ಆದರೆ ತಪ್ಪು ರೈಟರದ್ದಲ್ಲ.

ನಿಮ್ಮ ಫೋನಿನ ಬೆಲೆ 5,000ಕ್ಕಿಂತ ಜಾಸ್ತಿಯೇ ಇರುತ್ತೆ ಅಲ್ವಾ? ಹಾಗಿದ್ದರೆ ಬಿಲ್ ಹುಡುಕಿ ಜೊತೆಗೆ ಇಟ್ಟುಕೊಳ್ಳಿ. ನಿಮ್ಮದು ಎಫ್‌ಐಆರ್ ಆಗಬೇಕಾದ ಕೇಸು.

ಮತ್ತೆ ಯಾಕೆ ‘ಕಳೆದುಹೋಯ್ತು’ ಅಂತ ಬರೆಸುತ್ತಾರೆ? ಎಫ್‌ಐಆರ್ ಅಂದರೆ ಸ್ಟೇಷನ್ ತಲೆ ಮೇಲೆ ಒಂದು ಸಾಲ. ಕೇಸಿಗೆ ಕ್ರೈಂ ನಂಬರ್ ಬಿದ್ದ ಮೇಲೆ ಸ್ಥಳಕ್ಕೆ ಹೋಗಬೇಕು, ಮಹಜರು ಮಾಡಬೇಕು, ಹೇಳಿಕೆ ಬರೆಯಬೇಕು. ಕಳ್ಳ ಸಿಗದಿದ್ದರೆ ಪತ್ತೆಯಾಗಲಿಲ್ಲ ಅಂತ ಕೋರ್ಟಿಗೆ ಸಿ ರಿಪೋರ್ಟ್ ಹಾಕಬೇಕು. ಮೇಲಧಿಕಾರಿಗಳ ಮೀಟಿಂಗಿನಲ್ಲಿ ಎಷ್ಟು ಕೇಸ್ ಬಾಕಿ ಅನ್ನುವ ಪ್ರಶ್ನೆಗೆ ಇನ್ಸ್‌ಪೆಕ್ಟರ್ ನಿಂತು ಉತ್ತರ ಕೊಡಬೇಕು. ಅದೇ ಸಿಬ್ಬಂದಿ ಬೆಳಿಗ್ಗೆ ಬಂದೋಬಸ್ತಿಗೂ ಹೋಗಬೇಕು. ಅರ್ಥವಾಗುತ್ತದೆ. ಆದರೆ ಇದರ ಫಲ ಏನು ನೋಡಿ. ಒಂದೇ ಬಸ್ ಸ್ಟಾಪಿನಲ್ಲಿ ಹತ್ತು ಜನರ ಫೋನ್ ಕದ್ದರೂ ಹತ್ತೂ ‘ಕಳೆದುಹೋದವು’ ಅಂತ ಬರೆಸಿದರೆ ಕಾಗದದ ಪ್ರಕಾರ ಆ ಸ್ಟಾಪಿನಲ್ಲಿ ಕಳ್ಳರೇ ಇಲ್ಲ. ಬೆಂಗಳೂರಿನವರು ಮರೆವಿನವರು, ಅಷ್ಟೇ. ಕಳ್ಳರಿಲ್ಲದ ಜಾಗಕ್ಕೆ ಬೀಟ್ ಯಾಕೆ ಹೆಚ್ಚಿಸಬೇಕು ಹೇಳಿ?

ಕಾನೂನು ಈ ವಿಷಯದಲ್ಲಿ ನಿಮ್ಮ ಕಡೆ ಇದೆ. 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದಿತು. ಪೊಲೀಸರು, ಕೋರ್ಟು ನಡೆಯಬೇಕಾದ ಕ್ರಮ ಹೇಳುವ ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ‘ನಮ್ಮ ಲಿಮಿಟ್ಸ್ ಅಲ್ಲ’ ಅನ್ನುವ ನೆಪ ನಡೆಯುವುದಿಲ್ಲ. ಯಾವ ಸ್ಟೇಷನ್ನಿನಲ್ಲಾದರೂ ದೂರು ಕೊಡಬಹುದು, ಇದನ್ನೇ ಜನ ಝೀರೋ ಎಫ್‌ಐಆರ್ ಅನ್ನುವುದು. ಎಫ್‌ಐಆರ್ ಪ್ರತಿಗೆ ದುಡ್ಡಿಲ್ಲ. ಆನ್‌ಲೈನಿನಲ್ಲಿ ದೂರು ಕಳಿಸಿದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಒಂದು ಸಂದು ಮಾತ್ರ ಇದೆ. 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ, ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಬೆಂಗಳೂರಿನಲ್ಲಿ ಆ ದರ್ಜೆ ಎಸಿಪಿಯದ್ದು. ಕಳ್ಳತನವೂ ಇದರಲ್ಲಿ ಬರುತ್ತದೆ. ಹಾಗಾಗಿ ‘ವಿಚಾರಣೆ ಮಾಡಿ ಹಾಕ್ತೀವಿ’ ಅಂದರೆ ಅನುಮತಿ ತೆಗೆದುಕೊಂಡಿದ್ದೀರಾ, ಯಾವ ದಿನದಿಂದ ಎಣಿಸಲಿ ಅಂತ ವಿನಯವಾಗಿಯೇ ಕೇಳಿ.

ಸುತರಾಂ ಒಪ್ಪದಿದ್ದರೆ ಕೂಗಾಡಬೇಡಿ, ಅದರಿಂದ ಅವರಿಗೇ ಅನುಕೂಲ. ದೂರು ತೆಗೆದುಕೊಂಡು ಹಿಂಬರಹ, ಅಂದರೆ ಬರವಣಿಗೆಯಲ್ಲಿ ಉತ್ತರ, ಕೊಡಿ ಅನ್ನಿ. ಅದೂ ಇಲ್ಲವೆಂದರೆ ಅದೇ ದೂರನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ನಿಮ್ಮ ವಿಭಾಗದ ಡಿಸಿಪಿಗೆ ಕಳಿಸಿ. ಆಮೇಲಿನ ದಾರಿ ಮ್ಯಾಜಿಸ್ಟ್ರೇಟ್ ಕೋರ್ಟು.

ದೂರಿನಲ್ಲಿ ಕಂಡಷ್ಟನ್ನೇ ಬರೆಯಿರಿ. ಎಷ್ಟು ಗಂಟೆ, ಯಾವ ಸ್ಟಾಪು, ಬಸ್ಸಿನ ನಂಬರು, ನೂಕಿದವನು ಯಾವ ಬಣ್ಣದ ಅಂಗಿ ಹಾಕಿದ್ದ. ಎಲ್ಲೋ ಬೀಳಿಸಿಕೊಂಡದ್ದನ್ನು ಕದ್ದರು ಅಂತ ಬರೆದರೆ ಅದು ನಿಮ್ಮ ಮೇಲೇ ತಿರುಗುತ್ತದೆ, ಸುಳ್ಳು ಮಾಹಿತಿ ಕೊಡುವುದೂ ಅಪರಾಧ. ಫೋನ್ ಬಂದ ಡಬ್ಬಿ ಮನೆಯಲ್ಲಿದ್ದರೆ ಅದರ ಮೇಲೆ 15 ಅಂಕಿಯ ಐಎಂಇಐ ನಂಬರ್ ಇರುತ್ತೆ, ಅದನ್ನೂ ಸೇರಿಸಿ. ಆ ನಂಬರ್ ಮತ್ತು ಪೊಲೀಸ್ ವರದಿ ಇಟ್ಟುಕೊಂಡು ಕೇಂದ್ರ ಸರ್ಕಾರದ ಸಿಇಐಆರ್ ತಾಣದಲ್ಲಿ ಫೋನ್ ಬ್ಲಾಕ್ ಮಾಡಿಸಬಹುದು.

ಉಪಯೋಗ ಇದ್ಯಾ ಅಂತ ಕೇಳಿದಿರಿ. ಫೋನ್ ಸಿಕ್ಕೇ ಸಿಗುತ್ತೆ ಅಂತ ನಾನು ಹೇಳಲಾರೆ, ಸಿ ರಿಪೋರ್ಟ್ ಕೈಗೆ ಬರಲೂಬಹುದು. ಆದರೆ ಎಫ್‌ಐಆರ್ ಇದ್ದರೆ 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಅಂತ ಪೊಲೀಸರೇ ನಿಮಗೆ ತಿಳಿಸಬೇಕು. ತಿಳಿಸದಿದ್ದರೆ ಕ್ರೈಂ ನಂಬರ್ ಹೇಳಿ ಕೇಳಬಹುದು. ಇ-ಲಾಸ್ಟ್ ಚೀಟಿ ಹಿಡಿದು ಹೋದರೆ ‘ಸಿಮ್ ತಗೊಂಡ್ರಲ್ಲ ಸರ್, ಇನ್ನೇನು?’ ಅಂತಾರೆ.